ಅಂಚು ಕರಗಿದವನು

ಮಾರ್ಚ್ ೪
ಅಂಗಡಿ

ಮೊಂಡ,

ನೀನು ತಿಳಿಗೊಳಕ್ಕೆ ಹೋದದ್ದು ಫೆಬ್ರವರಿ ಮೊದಲ ವಾರ. ಮೂರು ತಿಂಗಳ ಮೌನದ ಶಿಬಿರ ಅಂದಿದ್ದೆ. ಕೈಯಲ್ಲಿ ಬಟ್ಟೆಯ ಒಂದು ಚೀಲ. ಅದರ ತಳದಲ್ಲಿ, ಕಾಲುಚೀಲದೊಳಗೆ ಸುತ್ತಿ, ಕಣ್ಣಿನ ಹನಿಯ ಬಾಟಲಿಗಳನ್ನು ಇಟ್ಟವಳು ನಾನು. ಮುಖ್ಯ ಸಂಗತಿ ಇಷ್ಟೇ, ಉಳಿದದ್ದು ಅಂಗಡಿಯ ಸುದ್ದಿ.

ಗಾಜು ಕತ್ತರಿಸುವ ಕೆಲಸ ನನ್ನ ಪಾಲಿಗೆ ಬಿದ್ದಿದೆ. ಚೌಕಟ್ಟಿನ ಮೂಲೆ ಕೂಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಅಂತ ನೀನೂ ಒಪ್ಪುತ್ತೀಯ, ಆದರೆ ಗಾಜಿನ ಮುಂದೆ ನನ್ನ ಕೈ ಅಳುಕುತ್ತದೆ. ಸಂಗೀತದ ಮೇಷ್ಟರು ತೀರಿಹೋದ ಹೆಂಡತಿಯ ಫೋಟೊ ಕೊಟ್ಟಿದ್ದರು. ಅದಕ್ಕೆ ಕತ್ತರಿಸಿದ ಗಾಜು ಒಡೆಯಿತು, ಮತ್ತೊಂದು ಕತ್ತರಿಸಿದೆ, ಅದೂ ಒಡೆಯಿತು. ಮೇಷ್ಟರು ನೋಡುತ್ತ ನಿಂತಿದ್ದರು. 'ಬಿಡಮ್ಮ, ಅವಳಿಗೆ ಮೊದಲಿಂದಲೂ ಒಳಗೆ ಕೂತಿರೋದು ಆಗ್ತಿರಲಿಲ್ಲ' ಅಂದರು.

ಹನಿ ಹಾಕಿಕೊಳ್ಳುತ್ತಿದ್ದೀಯ ತಾನೆ? ಬೆಳಿಗ್ಗೆ ಒಂದು, ಮಲಗುವ ಮುಂಚೆ ಒಂದು. ಅಪ್ಪನ ಹಾಗೆ 'ಇವತ್ತು ಚೆನ್ನಾಗೇ ಕಾಣ್ತಿದೆ' ಅಂತ ಬಿಡಬೇಡ. ಅಪ್ಪನಿಗೆ ಬಹಳ ದಿನ ಚೆನ್ನಾಗಿಯೇ ಕಾಣುತ್ತಿತ್ತು, ಎದುರಿಗಿದ್ದದ್ದು ಮಾತ್ರ. ಮೊದಲು ಪಕ್ಕದಿಂದ ಬಂದ ಸೈಕಲ್ಲು ಕಾಣಲಿಲ್ಲ. ಆಮೇಲೆ ಪಕ್ಕದಲ್ಲಿ ಕೂತ ನಾವು ಕಾಣಲಿಲ್ಲ. ಕಣ್ಣೊಳಗಿನ ಒತ್ತಡ ಅಪ್ಪನಿಂದ ನಿನಗೆ ಬಂದಿದೆ, ಎಡಗಣ್ಣಿನ ಅಂಚು ಆಗಲೇ ಸ್ವಲ್ಪ ತಿಂದುಹೋಗಿದೆ ಅಂತ ಡಾಕ್ಟರು ಹೇಳಿದ ದಿನ ನೀನು ಬಸ್‌ಸ್ಟಾಪಿನಲ್ಲಿ ಅತ್ತದ್ದು ನನಗೆ ನೆನಪಿದೆ. ನಿನಗೂ ನೆನಪಿರಲಿ.

ಮೇ ತಿಂಗಳಿಗೆ ನಿನ್ನ ಸ್ಟೂಲು ಖಾಲಿಯೇ ಇರುತ್ತದೆ. ಅದರ ಮೇಲೆ ಅಂಟಿನ ಡಬ್ಬಿ ಕೂಡ ಇಟ್ಟಿಲ್ಲ.

ನಿನ್ನ
ಅಕ್ಕ


ಮಾರ್ಚ್ ೧೯
ತಿಳಿಗೊಳ

ಅಕ್ಕ,

ಇಲ್ಲಿ ಮಾತಿಲ್ಲ, ಆದರೆ ತಿಂಗಳಿಗೊಂದು ಕಾಗದ ಬರೆಯಬಹುದು. ಬರೆದದ್ದನ್ನು, ಬಂದದ್ದನ್ನು ಜೊತೆಗಾರ ಒಮ್ಮೆ ಓದುತ್ತಾನೆ. ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ ಇರುತ್ತಾನೆ. ನನ್ನವನು ಮುಂಚೆ ಬಸ್ ಕಂಡಕ್ಟರಾಗಿದ್ದವನು. ಮೌನದಲ್ಲೂ ಅವನ ಕೈ 'ಮುಂದೆ ಹೋಗಿ, ಮುಂದೆ ಹೋಗಿ' ಅನ್ನುತ್ತದೆ. (ಇದನ್ನೂ ಓದುತ್ತಾನೆ. ಓದಲಿ.)

ಈ ಜಾಗ ಹಳೆಯ ಬೆಂಕಿಕಡ್ಡಿ ಕಾರ್ಖಾನೆ. ಕಡ್ಡಿ ಒಣಗಿಸುತ್ತಿದ್ದ ಉದ್ದನೆಯ ಹಾಲಿನಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತೇವೆ. ಇಲ್ಲಿ ಗುರು ಅಂತ ಯಾರೂ ಇಲ್ಲ. ಎಲ್ಲರಿಗಿಂತ ಮೊದಲು ಬಂದವರೊಬ್ಬರಿದ್ದಾರೆ, ಅವರನ್ನು ಗೆಳೆಯರು ಅನ್ನುತ್ತೇವೆ. ಅವರು ಬುದ್ಧನ ಮಾತನ್ನೂ 'ನನಗೆ ತಿಳಿದ ಮಟ್ಟಿಗೆ' ಅಂತಲೇ ಹೇಳುವುದು. ನಿನಗೆ ಹಿಡಿಸುತ್ತಿತ್ತು.

ಆ ಹಾಲ್‌ನ ನಡುವೆ ಒಂದು ಕಲ್ಲಿನ ತೊಟ್ಟಿ ಇದೆ. ಯಾರ ಮೇಲಾದರೂ ಯಾವುದಕ್ಕಾದರೂ ದೂರು ಇದ್ದರೆ ಚೀಟಿಯಲ್ಲಿ ಬರೆಯಬೇಕು. ಶನಿವಾರ ಎಲ್ಲ ಚೀಟಿಗಳನ್ನೂ ತೊಟ್ಟಿಯ ನೀರಿಗೆ ಬಿಡುತ್ತೇವೆ. ಶಾಯಿ ಕರಗುವ ತನಕ ಸುತ್ತ ನಿಂತು ತಲೆಬಾಗುತ್ತೇವೆ. ಊಟಕ್ಕೆ ಉಪ್ಪು ಕಮ್ಮಿ ಅಂತ ನಾನು ಬರೆದಿದ್ದೆ. ಉಪ್ಪು ಈಗಲೂ ಕಮ್ಮಿಯೇ. ಆದರೆ ನನಗೆ ಸಿಟ್ಟಿಲ್ಲ.

ಹನಿ ಬಗ್ಗೆ ಕೇಳಿದ್ದೀಯ. ಒಳಗೆ ಬರುವಾಗ ಎಲ್ಲರ ಔಷಧಿಯನ್ನೂ ಬಾಗಿಲ ಪಕ್ಕದ ಕಪಾಟಿನಲ್ಲಿ ಇಡುತ್ತಾರೆ. ಬೇಕಾದವರು ಕೇಳಿ ತೆಗೆದುಕೊಳ್ಳಬಹುದು, ಯಾರೂ ಬೇಡ ಅನ್ನುವುದಿಲ್ಲ. ಬಾಯಿಬಿಟ್ಟು ಕೇಳಿದರೆ ಮೌನ ಮುರಿದ ಹಾಗೆ, ಶಿಬಿರ ಮೊದಲಿಂದ ಶುರು. ಚೀಟಿ ಬರೆದರೆ ಅದು ನೀರಿಗೆ ಹೋಗುತ್ತದೆ. ಮೊದಮೊದಲು ಇದು ಯಾಕೋ ಸರಿಯಿಲ್ಲ ಅನ್ನಿಸಿತು. ಈಗ ಅನ್ನಿಸುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ, ನಗಬೇಡ.

ದೀಪ ನೋಡಿದರೆ ಅದರ ಸುತ್ತ ಬಣ್ಣದ ಬಳೆ ಕಾಣುತ್ತಿದೆ. ಕೂತಾಗ ಗೋಡೆಯ ಎರಡೂ ಬದಿ ಮೆಲ್ಲಗೆ ಕರಗಿಹೋಗುತ್ತದೆ, ನಡುವೆ ಎಷ್ಟು ಬೇಕೋ ಅಷ್ಟೇ ಉಳಿಯುತ್ತದೆ. ವಾರಕ್ಕೊಮ್ಮೆ ಮಾತ್ರ ಮೌನಕ್ಕೆ ಹೊರತಾಗಿ, ಕೂತಾಗ ಕಂಡದ್ದನ್ನಷ್ಟೇ ಗೆಳೆಯರ ಮುಂದೆ ಹೇಳುವುದಿದೆ, ಆಗ ಹೇಳಿದೆ. ಅವರು ನನ್ನನ್ನು ಹತ್ತಿರ ಕರೆದರು. ಆಮೇಲೆ ಎಲ್ಲರ ಮುಂದೆ, 'ಇವರಿಗೆ ಅಂಚು ಕರಗ್ತಾ ಇದೆ' ಅಂದರು. ವರ್ಷಗಟ್ಟಲೆ ಕೂತವರಿಗೂ ಇದು ಆಗುವುದಿಲ್ಲವಂತೆ. ಶಾಲೆಯಲ್ಲಿ ಒಂದು ಪೆನ್ಸಿಲ್ ಕೂಡ ಬಹುಮಾನ ಬಾರದವನು ನಾನು, ನಿನಗೆ ಗೊತ್ತು.

ಮೇಷ್ಟರಿಗೆ ತೆಳು ಗಾಜು ಬೇಡ, ದಪ್ಪನೆಯದು ಹಾಕು. ಗಾಜು ಕೊಯ್ಯುವ ಚಕ್ರಕ್ಕೆ ಸೀಮೆಎಣ್ಣೆ ಸವರಿಕೋ.

ನಿನ್ನ
ಮೊಂಡ


ಏಪ್ರಿಲ್ ೨
ಅಂಗಡಿ

ಮೊಂಡ,

ನಗಲಿಲ್ಲ.

ಅದು ಸಾಧನೆಯಲ್ಲ, ಅಪ್ಪನ ಕಣ್ಣು. ಅಪ್ಪನಿಗೂ ದೀಪದ ಸುತ್ತ ಬಳೆ ಕಾಣುತ್ತಿತ್ತು. ಬೀದಿ ದೀಪಗಳಿಗೆಲ್ಲ ಮದುವೆಯಾಗಿದೆ ಅಂತ ನಮ್ಮನ್ನು ನಗಿಸುತ್ತಿದ್ದದ್ದು ನೆನಪಿಲ್ಲವೇ? ನೀನು ಬರೆದ ಸಾಲುಗಳು ಬಲಗಡೆ ಬರುತ್ತ ಬರುತ್ತ ಕೆಳಕ್ಕಿಳಿದಿವೆ. ಎರಡು ಕಡೆ ಕಾಗದ ಮುಗಿದು ಪೆನ್ನು ಮೇಜಿನ ಮೇಲೆ ಹೋಗಿದೆ. ಅರ್ಧ ಪದ ನನಗೆ ಬಂದಿದೆ, ಉಳಿದರ್ಧ ಅಲ್ಲಿನ ಮೇಜಿನ ಮೇಲಿರಬೇಕು.

ಶಿಬಿರ ಮೊದಲಿಂದ ಶುರುವಾದರೆ ಆಗಲಿ. ಬಾಯಿ ಬಿಡು. ಕೇಳು.

ಜೊತೆಗಾರರೇ, ಇದನ್ನು ನೀವು ಓದುತ್ತೀರಿ ಅಂತ ಗೊತ್ತು. ಬಸ್ಸಿನಲ್ಲಿ ಒಬ್ಬ ಮುದುಕ ಇಳಿಯುವ ಸ್ಟಾಪು ಕಾಣದೆ ಕೂತಿದ್ದರೆ ನೀವು ಎಬ್ಬಿಸಿ ಇಳಿಸುತ್ತಿದ್ದಿರಿ, ಚೀಟಿ ಬರೆದುಕೊಡು ಅನ್ನುತ್ತಿರಲಿಲ್ಲ. ಕಪಾಟಿನಲ್ಲಿ ನೀಲಿ ಮುಚ್ಚಳದ ಬಾಟಲಿಗಳಿವೆ. ದಯವಿಟ್ಟು ತೆಗೆದುಕೊಡಿ.

ಅಕ್ಕ


ಏಪ್ರಿಲ್ ೨೬
ಅಂಗಡಿ

ತಿಳಿಗೊಳದ ಮುಖ್ಯಸ್ಥರಿಗೆ,

ನನ್ನ ತಮ್ಮ ನಿಮ್ಮಲ್ಲಿದ್ದಾನೆ. ಅವನಿಗಿರುವ ಕಣ್ಣಿನ ರೋಗಕ್ಕೆ ದಿನವೂ ಹನಿ ಹಾಕದಿದ್ದರೆ ದೃಷ್ಟಿ ಹೊರಗಿನಿಂದ ಒಳಕ್ಕೆ ಸಾಯುತ್ತ ಬರುತ್ತದೆ. ಹೋದದ್ದು ಹಿಂದಕ್ಕೆ ಬರುವುದಿಲ್ಲ. ಡಾಕ್ಟರ ಚೀಟಿಯನ್ನು ಜೊತೆಗಿಟ್ಟಿದ್ದೇನೆ. ಅವನ ಔಷಧಿಯನ್ನು ನಿಲ್ಲಿಸಿದವರು ಯಾರು? ಅವನಿಗಾಗುತ್ತಿರುವುದು ಸಾಧನೆ ಎಂದು ಹೇಳಿದವರು ಯಾರು? ಇದಕ್ಕೆ ಜವಾಬ್ದಾರರಾದವರ ಹೆಸರು ತಿಳಿಸಿ. ಅವರೊಂದಿಗೆ ನೇರವಾಗಿ ಮಾತಾಡುತ್ತೇನೆ.

ಇಂತು,
ಅವನ ಅಕ್ಕ


ಮೇ ೧೪
ತಿಳಿಗೊಳ

ಮಾನ್ಯರೇ,

ತಮ್ಮ ಪತ್ರವನ್ನು ಸ್ವೀಕರಿಸಲಾಗಿದೆ ಮತ್ತು ಶನಿವಾರದ ಕೂಟದಲ್ಲಿ, ಜೊತೆಗಿದ್ದ ಚೀಟಿಯೊಂದಿಗೆ, ಪೂರ್ಣ ಗೌರವದಿಂದ ನೀರಿಗೆ ಒಪ್ಪಿಸಲಾಗಿದೆ.

ಔಷಧಿಯನ್ನು ನಿಲ್ಲಿಸಿದವರು ಯಾರೆಂದು ಕೇಳಿದ್ದೀರಿ. ಇಲ್ಲಿ ಯಾರೂ ಏನನ್ನೂ ನಿಲ್ಲಿಸುವುದಿಲ್ಲ. ನಿಲ್ಲುವುದು ತಾನಾಗಿ ನಿಲ್ಲುತ್ತದೆ. ಜವಾಬ್ದಾರರ ಹೆಸರನ್ನೂ ಕೇಳಿದ್ದೀರಿ. 'ನಾನು ಮಾಡಿದೆ' ಎಂಬುದನ್ನು ಬಿಡಲೆಂದೇ ಇಲ್ಲಿ ಸೇರಿರುವುದರಿಂದ ಕೊಡಬಹುದಾದ ಹೆಸರು ಯಾವುದೂ ಇಲ್ಲ. ಮುಖ್ಯಸ್ಥರೆಂಬವರೂ ಇಲ್ಲ.

ತಮ್ಮ ತಮ್ಮನವರ ಶಿಬಿರ ಮುಗಿದಿದ್ದು, ದೀರ್ಘವಾಸದ ಸಂಕಲ್ಪ ಅವರಲ್ಲಿ ಮೂಡಿದೆ. ಜೂನ್ ಎಂಟರಂದು ಬಾಗಿಲು ತೆರೆದಿರುತ್ತದೆ. ಬರಬಹುದು.

ತಮ್ಮ ಆತಂಕಕ್ಕೆ ನಮನ.

(ಸಹಿ ಇಲ್ಲ)


ಜೂನ್ ೯
ಅಂಗಡಿ

ಚಿಕ್ಕಮ್ಮ,

ಫೋನಿನಲ್ಲಿ ಹೇಳಲು ಆಗಲಿಲ್ಲ. ನೀನು 'ಹಲೋ, ಹಲೋ' ಅನ್ನುತ್ತಿದ್ದೆ, ನಾನು ಇಟ್ಟುಬಿಟ್ಟೆ. ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನೂ ಸಾಕಿದವಳು ನೀನು, ನಿನಗೆ ಪೂರ್ತಿ ಹೇಳಬೇಕು.

ನಿನ್ನೆ ಹೋಗಿದ್ದೆ. ಜಾಗ ಚೊಕ್ಕಟವಾಗಿದೆ, ಜನ ಒಳ್ಳೆಯವರು. ಅದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಬಯ್ಯಲು ಒಬ್ಬ ಕೆಟ್ಟವನು ಸಿಕ್ಕಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಊಟದ ಮನೆಯಲ್ಲಿ ಉದ್ದನೆಯ ಬೆಂಚುಗಳಿವೆ. ಮೊಂಡ ಒಂದರ ತುದಿಯಲ್ಲಿ ಕೂತು ಉಣ್ಣುತ್ತಿದ್ದ. ಕೂದಲು ಬೋಳಿಸಿದ್ದಾನೆ, ಕಿವಿ ಇನ್ನೂ ದೊಡ್ಡದಾಗಿ ಕಾಣುತ್ತದೆ. ನಾನು ಹೋಗಿ ಅವನ ಎಡಗಡೆ ನಿಂತೆ, ನನ್ನ ಸೆರಗು ಅವನ ಮೊಣಕೈಗೆ ತಾಗುವಷ್ಟು ಹತ್ತಿರ. ಅವನು ತಿರುಗಲಿಲ್ಲ. ತುತ್ತು ಅಗಿಯುತ್ತ, ಕೈಯಿಂದ ಮೇಜನ್ನು ಸವರಿ ನೀರಿನ ಲೋಟ ಹುಡುಕಿದ. ಲೋಟ ನನ್ನ ಮುಂದೆಯೇ ಇತ್ತು. ನಾನು ಅದನ್ನು ಅವನ ಕೈಗೆ ಸರಿಸಿದೆ. ಲೋಟ ಸರಿದದ್ದೂ ಅವನಿಗೆ ತಿಳಿಯಲಿಲ್ಲ, ಕುಡಿದು ಇಟ್ಟ.

ಜೊತೆಗಾರ ನನ್ನ ಹಿಂದೆಯೇ ಇದ್ದ. ದಪ್ಪ ಮೀಸೆಯ ಪಾಪದ ಮನುಷ್ಯ. 'ನೋಡಿ ಅಕ್ಕಾವರೇ, ಎಷ್ಟು ಸ್ಥಿರ. ಯಾರು ಬಂದ್ರೂ ಹೋದ್ರೂ ಕದಲೋದೇ ಇಲ್ಲ' ಅಂದ. ಅವನ ಕಣ್ಣಲ್ಲಿ ನೀರಿತ್ತು, ಚಿಕ್ಕಮ್ಮ. ನಿಜವಾದ ನೀರು.

ನಾನು ಮೇಜು ಸುತ್ತಿಕೊಂಡು ಹೋಗಿ ಎದುರಿಗೆ ನಿಂತೆ. ಅವನು ಕೋಳಿಯ ಹಾಗೆ ತಲೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಆಡಿಸಿದ, ಅಪ್ಪ ಮಾಡುತ್ತಿದ್ದ ಹಾಗೆಯೇ. ಆಮೇಲೆ ಮುಖ ಅರಳಿತು. 'ಅಕ್ಕ, ಯಾವಾಗ ಬಂದೆ?' ಅಂದ. ಈಗ ತಾನೇ ಅಂದೆ.

ಊಟವಾದ ಮೇಲೆ ಅವನನ್ನು ಅಂಗಳದಲ್ಲಿ ಕುರ್ಚಿಯ ಮೇಲೆ ಕೂರಿಸಿದರು. ಹೊಸದಾಗಿ ಸೇರಿದವರು ಒಬ್ಬೊಬ್ಬರಾಗಿ ಬಂದು ಅವನೆದುರು ಕೂತು, ಸ್ವಲ್ಪ ಹೊತ್ತು ನೋಡಿ, ತಲೆಬಾಗಿ ಎದ್ದರು. ಅಂಚು ಕರಗಿದವರು ಅನ್ನುತ್ತಾರೆ ಅವನನ್ನು. ಅವನು ನಡೆಯುವಾಗ ಯಾರಾದರೊಬ್ಬರು ಹೆಗಲ ಮೇಲೆ ಕೈಯಿಟ್ಟು ನಡೆಸುತ್ತಾರೆ. ಅದನ್ನು ಕಾಣದವನನ್ನು ನಡೆಸುವುದು ಅಂತ ಯಾರೂ ಅನ್ನುವುದಿಲ್ಲ. ಸೇವೆ ಅನ್ನುತ್ತಾರೆ, ಸರದಿಗಾಗಿ ಕಾಯುತ್ತಾರೆ.

ಗೆಳೆಯರನ್ನೂ ಕಂಡೆ. ಹಳೆಯ ಮ್ಯಾನೇಜರ ಕೋಣೆಯಲ್ಲಿ ಕೂತಿದ್ದರು, ಬಿಸಿನೀರು ಕೊಟ್ಟರು. ನಾನು ಒಯ್ದ ಡಾಕ್ಟರ ಚೀಟಿಯ ಇನ್ನೊಂದು ಪ್ರತಿಯನ್ನು ಓದಲು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. 'ನಾನು ಯಾರಿಗೂ ಏನೂ ಹೇಳಲ್ಲಮ್ಮ. ಬಂದದ್ದನ್ನ ನೋಡ್ತೀನಿ, ಅಷ್ಟೆ' ಅಂದರು. ಪಾತ್ರೆ ತೊಳೆಯುತ್ತಿದ್ದ ಹೆಂಗಸು ಒಂದು ಮಾತು ಹೇಳಿದ್ದಳು, ಅದನ್ನೇ ಕೇಳಿದೆ. ಹೋದ ವರ್ಷ ನೀವು ಕಣ್ಣಿನ ಪೊರೆ ತೆಗೆಸಿಕೊಂಡಿರಂತೆ. ಅವರಿಗೆ ಒಂದಿಷ್ಟೂ ಮುಜುಗರವಾಗಲಿಲ್ಲ. 'ಹೌದಮ್ಮ, ಕರ್ಕೊಂಡು ಹೋದ್ರು. ನಾನು ಬೇಡ ಅನ್ನಲಿಲ್ಲ' ಅಂದರು.

'ಹಾಗಾದ್ರೆ ನನ್ನ ತಮ್ಮನನ್ನೂ ಯಾರಾದ್ರೂ ಕರ್ಕೊಂಡು ಹೋಗಬಹುದಲ್ಲ?'

'ಹೋಗ್ತೀನಿ ಅಂದ್ರೆ ಯಾರು ತಡೀತಾರೆ? ನೀವೇ ಕೇಳಿ.'

ಅಂಗಳದಲ್ಲಿ, ಅಷ್ಟು ಜನರ ಎದುರು, ಕೇಳಿದೆ. ಮೊಂಡ, ಹೊರಡು, ಆಸ್ಪತ್ರೆಗೆ ಹೋಗಿ ಬರೋಣ. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಅವನು ನನ್ನ ಕಡೆ ತಿರುಗಿ, ನನ್ನ ಮುಖ ಇರಬಹುದು ಅಂದುಕೊಂಡ ಕಡೆ, 'ಬೇಡ ಅಕ್ಕ' ಅಂದ. ಒಬ್ಬಳು ಹುಡುಗಿ ತಲೆಬಾಗಿದಳು.

ಒಯ್ದಿದ್ದ ಹೊಸ ಬಾಟಲಿಗಳನ್ನು ಜೊತೆಗಾರನ ಕೈಗೆ ಕೊಟ್ಟೆ. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಪಾಟಿನೊಳಗೆ, ಹಳೆಯವುಗಳ ಪಕ್ಕದಲ್ಲಿ, ಸಾಲಾಗಿ ಜೋಡಿಸಿಟ್ಟ. ಹಳೆಯವುಗಳ ಮೊಹರು ಒಡೆದಿರಲಿಲ್ಲ.

ನಿನ್ನ
ದೊಡ್ಡವಳು


ಜೂನ್ ೨೦

ದೊಡ್ಡವಳೇ,

ನಿನ್ನ ಕಾಗದ ಓದಿದೆ. ಎರಡೇಟು ಬಿಗಿದು ಎಳೆದುಕೊಂಡು ಬಾ ಅಂತ ಬರೆಯಲು ಕೂತೆ. ಆಮೇಲೆ ಅವನ ವಯಸ್ಸು ನೆನಪಾಯಿತು. ಆ ಮೊಂಡ ಚಿಕ್ಕವನಿದ್ದಾಗಲೇ ನಾನು ನಾಲ್ಕು ಬಾರಿಸಬೇಕಿತ್ತು. ನೀನು ಪ್ರತಿ ಸಲವೂ ಅಡ್ಡ ಬರುತ್ತಿದ್ದೆ. ಈಗ ಅನುಭವಿಸು.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಲೆ ಬೆಳ್ಳಗಾಗುವ ತನಕ ಲೈನು ಕೂಡಿಸಿದವಳು. ಆ ಕಡೆ ಯಾರೂ ಎತ್ತದಿದ್ದರೆ 'ಉತ್ತರ ಬರುತ್ತಿಲ್ಲ' ಅಂತ ಹೇಳಿ ಇಳಿಸಬೇಕು ಅಂತ ಕಲಿಸಿದ್ದರು. ಇಲ್ಲಿ ನೋಡಿದರೆ ಆ ಕಡೆಯವರು ಎತ್ತುತ್ತಾರೆ, ಬಿಸಿನೀರು ಕೊಡುತ್ತಾರೆ, ನಗುನಗುತ್ತ ಮಾತಾಡುತ್ತಾರೆ, ಕೊನೆಗೆ ಇಲ್ಲಿ ಯಾರೂ ಇಲ್ಲ ಅನ್ನುತ್ತಾರೆ. ಇಂಥ ಲೈನನ್ನು ನಾನು ಕಂಡಿಲ್ಲ.

ಪೊಲೀಸರ ಹತ್ತಿರ ಹೋಗು. ಕಣ್ಣಿನ ಡಾಕ್ಟರ ಹತ್ತಿರ ಹೋಗು. ಅಳುತ್ತ ಹೋಗಬೇಡ, ಒಳ್ಳೆಯ ಬಟ್ಟೆ ಉಟ್ಟುಕೊಂಡು ಹೋಗು. ಅಳುವವರನ್ನು ಬೆಂಚಿನ ಮೇಲೆ ಕೂರಿಸುತ್ತಾರೆ.

ಚಿಕ್ಕಮ್ಮ


ಜುಲೈ ೧೧
ತಿಳಿಗೊಳ

ಪ್ರಿಯ ಅಕ್ಕನವರಿಗೆ,

ನಿಮ್ಮ ಭೇಟಿಗಾಗಿ ನನ್ನ ಕೃತಜ್ಞತೆಗಳು. ನಿಮ್ಮ ಆತಂಕವು ಪ್ರೀತಿಯ ರೂಪದಲ್ಲಿರುವ ಬಂಧನವೆಂದು ಅರಿತಿದ್ದೇನೆ ಮತ್ತು ಅದಕ್ಕೆ ನಮಿಸುತ್ತೇನೆ. ನಾನು ಸುಖವಾಗಿದ್ದೇನೆ. ದೀರ್ಘವಾಸದಲ್ಲಿ ಇರುವವರನ್ನು ಬಂಧುಗಳು ಕಾಣುವುದು ಇಬ್ಬರಿಗೂ ಹಿತವಲ್ಲವಾದ್ದರಿಂದ ಇನ್ನು ಮುಂದೆ ಭೇಟಿ ಇರುವುದಿಲ್ಲ. ಪತ್ರಗಳು ಬರಬಹುದು.

ಸಮಚಿತ್ತದಿಂದ,
ನಿಮ್ಮ ತಮ್ಮ

ಅಕ್ಕಾವರೇ, ಕೆಳಗಿನ ಸಾಲು ಜೊತೆಗಾರನಾದ ನನ್ನದು. ಮೇಲಿನದನ್ನು ಬರೆದ ಕೈಯೂ ನನ್ನದೇ. ಅವರಿಗೆ ಪೆನ್ನು ಹಿಡಿಯುವ ಅಗತ್ಯ ಈಗ ಉಳಿದಿಲ್ಲ. ಅವರು ಹೇಳುತ್ತಾರೆ, ಪತ್ರದ ವೃತ್ತ ಅಂತ ಇಲ್ಲಿರುವ ಒಂದು ಗುಂಪಿನವರು ಮಾತು ತಿದ್ದಿ ಕೊಡುತ್ತಾರೆ, ನಾನು ಬರೆಯುತ್ತೇನೆ. ನಿಮ್ಮ ಕಾಗದಗಳನ್ನು ಒಂದಕ್ಷರ ಬಿಡದೆ ಓದಿ ಹೇಳುತ್ತೇನೆ, ನನ್ನನ್ನು ಬಯ್ದದ್ದನ್ನೂ. ಬಸ್ಸಿನ ಮುದುಕನ ಮಾತು ನನ್ನನ್ನು ಬಹಳ ದಿನ ಕಾಡಿತು. ಅದನ್ನು ಚೀಟಿಯಲ್ಲಿ ಬರೆದು ನೀರಿಗೆ ಬಿಟ್ಟೆ. ಈಗ ಹಗುರವಾಗಿದೆ.


ಆಗಸ್ಟ್ ೩
ಅಂಗಡಿ

ಚಿಕ್ಕಮ್ಮ,

ನೀನು ಹೇಳಿದ ಹಾಗೆ ಒಳ್ಳೆಯ ಬಟ್ಟೆ ಉಟ್ಟು ಹೋದೆ. ಆದರೂ ಬೆಂಚಿನ ಮೇಲೆಯೇ ಕೂರಿಸಿದರು.

ಠಾಣೆಯ ಅಧಿಕಾರಿ ಸಮಾಧಾನದಿಂದಲೇ ಕೇಳಿದ. ಹೊಡೀತಾರಾ? ಇಲ್ಲ. ಊಟ ಹಾಕ್ತಾರಾ? ಹಾಕುತ್ತಾರೆ. ಕೂಡಿ ಹಾಕಿದಾರಾ? ಗೇಟಿಗೆ ಬೀಗವಿಲ್ಲ. ವಯಸ್ಸಿಗೆ ಬಂದವನು ಔಷಧಿ ಬೇಡ ಅಂದರೆ ಕಾನೂನು ಅವನ ಕಣ್ಣು ಬಿಡಿಸಿ ಹಾಕಲು ಬರುವುದಿಲ್ಲ ಅಂದ. ಯಾರ ಮೇಲೆ ಬರೆದುಕೊಳ್ಳಲಿ, ಹೆಸರು ಹೇಳಿ ಅಂದ. ನಾನು ಅವರ ಪತ್ರ ತೋರಿಸಿದೆ. ಓದಿ, ತಿರುಗಿಸಿ, ಸಹಿಗಾಗಿ ಹಿಂಬದಿಯನ್ನೂ ನೋಡಿದ. ಎದ್ದು ಬರುವಾಗ ದನಿ ತಗ್ಗಿಸಿ ಕೇಳಿದ: 'ಅಲ್ಲಿ ಕೂತ್ರೆ ಬಿಪಿ ಇಳಿಯುತ್ತಂತಲ್ಲ, ಹೌದಾ ಮೇಡಂ?'

ಡಾಕ್ಟರು ಅಪ್ಪನನ್ನು ಮರೆತಿಲ್ಲ. ಕರೆತಂದು ಕುರ್ಚಿಯಲ್ಲಿ ಕೂರಿಸಿದರೆ ನೋಡಬಹುದು, ಊಹೆಯ ಮೇಲೆ ಏನು ಹೇಳಲಿ ಅಂದರು. ನಾನು ಲೋಟದ ಸಂಗತಿ ಹೇಳಿದೆ. ಅವರು ಮೇಜಿನ ಮೇಲಿದ್ದ ಕಾಗದವನ್ನು ಸುರುಳಿ ಸುತ್ತಿ ನನ್ನ ಕಣ್ಣಿಗೆ ಹಿಡಿದು, ಸುರುಳಿಯನ್ನು ಬಿಗಿ ಮಾಡುತ್ತ ಹೋದರು. ಕೊನೆಗೆ ಅವರ ಅಂಗಿಯ ಒಂದು ಗುಂಡಿ ಮಾತ್ರ ಕಾಣುತ್ತಿತ್ತು. ಇಷ್ಟು ಉಳಿದಿರಬಹುದು ಅಂದರು. ಹೋದದ್ದನ್ನು ಯಾವ ದೇಶದಲ್ಲೂ ತಂದುಕೊಡುವುದಿಲ್ಲ. ಹನಿ ಬಿದ್ದರೆ ಈ ಗುಂಡಿಯಷ್ಟು ಇನ್ನೂ ಕೆಲವು ವರ್ಷ ಉಳಿದೀತು. ಬೀಳದಿದ್ದರೆ ಚಳಿಗಾಲ ದಾಟುವುದು ಅನುಮಾನ.

ಅವನಿಗೆ ಈ ತಿಂಗಳೂ ಬರೆದೆ. ಹಳೆಯ ಜಗಳ, ಹಳೆಯ ನಗು ಎಲ್ಲ ಬರೆದೆ. ಬರೆಯುವಾಗ ಗೊತ್ತಿತ್ತು, ಗೋಡೆಗೆ ಹೇಳಿದ ಹಾಗೆ. ಗೋಡೆಗಾದರೂ ಮಧ್ಯೆ ನಿಂತು ಮಾತು ತಿದ್ದುವವರಿರುವುದಿಲ್ಲ.

ದೊಡ್ಡವಳು


ಸೆಪ್ಟೆಂಬರ್
(ತಾರೀಕು ಓದಲಾಗದ್ದು)

ಅಕ್ಕ ಇದು ನನ್ನದೇ ಕೈ. ಸಾಲಿನ ಮೇಲೆ ಸಾಲು ಬಂದಿದ್ದರೆ ಬೆಳಕಿಗೆ ಹಿಡಿದು ಓದು. ಲಾಂಡ್ರಿ ವ್ಯಾನಿನ ಡ್ರೈವರ ಕೈಗೆ ಕೊಡ್ತಿದೀನಿ, ಒಳ್ಳೆಯವನು, ಅವನ ತಾಯಿಗೂ ಕಾಣಲ್ಲ.

ಬಳೆ ಈಗ ಇಲ್ಲ. ದೀಪವೂ ಸರಿಯಾಗಿಲ್ಲ. ಬಲಗಣ್ಣಲ್ಲಿ ನಡುವೆ ಒಂದು ಚೂರು ಇದೆ, ಅದರಲ್ಲಿ ಇದನ್ನ ಬರೀತಿದೀನಿ. ನೀನು ಹೇಳಿದ್ದೇ ಸರಿ. ನನಗೆ ಯಾವಾಗಲೋ ಗೊತ್ತಾಯ್ತು. ಜೂನ್‌ನಲ್ಲಿ ನೀನು ಬಂದಾಗಲೇ ಗೊತ್ತಿತ್ತು. ನೀನು ಪಕ್ಕದಲ್ಲಿ ನಿಂತಿದ್ದೆ ಅಂತ ಆಮೇಲೆ ಜೊತೆಗಾರ ಹೇಳಿದ, ಹೊಗಳೋಕೆ ಹೇಳಿದ. ಅವತ್ತು ಪಾಯಿಖಾನೆಯಲ್ಲಿ ಕೂತು ಅತ್ತೆ.

ಯಾಕೆ ಹೇಳಲಿಲ್ಲ ಅಂತ ಕೇಳಬೇಡ. ಹೇಳಿದೆ. ಗೆಳೆಯರ ಮುಂದೆ ಭಯ ಆಗ್ತಿದೆ ಅಂದೆ. ಭಯ ಯಾರಿಗೆ ಆಗ್ತಿದೆ ನೋಡಿ ಅಂದ್ರು. ನೋಡಿದೆ. ನನಗೇ ಆಗ್ತಿತ್ತು. ಅದನ್ನ ಹೇಳೋ ಹೊತ್ತಿಗೆ ಎಲ್ಲರೂ ತಲೆಬಾಗಿದ್ರು.

ಬಾ ಅನ್ನಬೇಡ ಅಕ್ಕ. ನಾನು ಬರಲ್ಲ. ಹೊರಗೆ ಬಂದ್ರೆ ನಾನು ಒಬ್ಬ ಕುರುಡ. ಗಾಜು ಕತ್ತರಿಸೋಕೆ ಬಾರದ ಗಾಜಿನವನು. ಇಲ್ಲಿ ಬೆಳಿಗ್ಗೆ ಎದ್ದರೆ ಯಾರೋ ಕೈ ಹಿಡೀತಾರೆ, ಅದಕ್ಕಾಗಿ ಕಾದಿರ್ತಾರೆ. ಹೊರಗೆ ಯಾರು ಕಾಯ್ತಾರೆ? ನೀನು ಕಾಯ್ತೀಯ, ಗೊತ್ತು. ಅಪ್ಪನಿಗೂ ನೀನೇ ಕಾದೆ. ನಿನ್ನ ಮದುವೆ ವಯಸ್ಸೆಲ್ಲ ಅಪ್ಪನ ಕೈ ಹಿಡ್ಕೊಂಡೇ ಹೋಯ್ತು.

ಒಂದೇ ಆಸೆ. ಕತ್ತಲಾಗೋ ಮುಂಚೆ ಒಂದು ಸಲ ನಿನ್ನ ಮುಖ

(ಇಲ್ಲಿಂದ ಮುಂದಿನ ಸಾಲುಗಳು ಒಂದರ ಮೇಲೊಂದು ಬಿದ್ದಿವೆ)

ಮೊಂಡ


ಅಕ್ಟೋಬರ್ ೧೭
ಅಂಗಡಿ

ಚಿಕ್ಕಮ್ಮ,

ಅವನ ಕಾಗದವನ್ನು ನಿನಗೆ ಕಳಿಸಿದ್ದೆನಲ್ಲ. ನೀನು ಮರಳಿ ಏನೂ ಬರೆಯದೆ ಅದನ್ನು ಮಾತ್ರ ಮಡಿಸಿ ಕಳಿಸಿದೆ. 

ತೀರ್ಮಾನ ಮಾಡಿದ್ದೇನೆ. ಬೇಡ ಅನ್ನಬೇಡ. ಅಂದರೂ ಈ ಕಾಗದ ನಿನಗೆ ತಲುಪಿ, ನಿನ್ನದು ನನಗೆ ತಲುಪುವ ಹೊತ್ತಿಗೆ ಸೋಮವಾರ ಕಳೆದಿರುತ್ತದೆ. ಅದನ್ನು ಲೆಕ್ಕ ಹಾಕಿಯೇ ಇವತ್ತು ಬರೆಯುತ್ತಿದ್ದೇನೆ.

ದೀರ್ಘವಾಸದವರನ್ನು ಬಂಧುಗಳು ಕಾಣುವಂತಿಲ್ಲ, ಆದರೆ ಅಲ್ಲಿ ವಾಸಕ್ಕೆ ಸೇರಿದವರು ಕಾಣಬಹುದು. ನಾನು ಸೇರುತ್ತೇನೆ. ಬರೆದು ಕೇಳಿದೆ, ಬರಬಹುದು ಅಂದರು. ಹೊಸಬರಿಗೆ ಮೊದಲು ಕೊಡುವ ಸೇವೆ ಅಂಚು ಕರಗಿದವರ ಕೈ ಹಿಡಿದು ನಡೆಸುವುದೇ ಅಂತೆ. ಜೊತೆಗಾರ ಸಂತೋಷದಿಂದ ಒಂದು ಸಾಲು ಸೇರಿಸಿದ್ದಾನೆ: ಬೆಳಗಿನ ಸರದಿ ನಿಮಗೇ ಕೊಡಿಸುತ್ತೇನೆ ಅಕ್ಕಾವರೇ.

ಬಾಗಿಲಲ್ಲಿ ಚೀಲ ತಡಕಿ ನೋಡುತ್ತಾರೆ, ಮೈ ಮುಟ್ಟುವುದಿಲ್ಲ. ಚಳಿಯ ಕೋಟಿನ ಒಳಮಡಿಕೆಯನ್ನು ಬಿಚ್ಚಿ ಬಾಟಲಿಗಳನ್ನಿಟ್ಟು ಹೊಲಿದಿದ್ದೇನೆ. ಅವು ಮುಗಿಯುವ ಹೊತ್ತಿಗೆ ನೀನು ಲಾಂಡ್ರಿ ವ್ಯಾನಿನ ಡ್ರೈವರಿಗೆ ಇನ್ನಷ್ಟು ತಲುಪಿಸಬೇಕು. ಅವನೊಂದಿಗೆ ಮಾತಾಡಿದ್ದೇನೆ. ಅಂಗಡಿಯ ಕೀಲಿ ಮೇಷ್ಟರ ಮನೆಯಲ್ಲಿರುತ್ತದೆ. ಅವರ ಫೋಟೊ ಕೊನೆಗೂ ಮುಗಿಯಿತು, ದಪ್ಪ ಗಾಜಿನಲ್ಲಿ.

ನೀನು ಕೇಳುವುದನ್ನು ನಾನೇ ಕೇಳಿಕೊಂಡಿದ್ದೇನೆ. ಅವನು ಹನಿ ಬೇಡ ಅಂದರೆ? ಗೊತ್ತಿಲ್ಲ. ಸಿಕ್ಕಿಬಿದ್ದರೆ? ಕಪಾಟಿನಲ್ಲಿ ಗೌರವದಿಂದ ಜೋಡಿಸಿಡುತ್ತಾರೆ. ಇಷ್ಟೆಲ್ಲ ಮಾಡಿ ಉಳಿಯುವುದೇನು? ಡಾಕ್ಟರ ಅಂಗಿಯ ಗುಂಡಿಯಷ್ಟು, ಅದೂ ಕೆಲವು ಕಾಲ. ಅದು ಹೋದ ಮೇಲೆ ನೀನು ಹೊರಗೆ ಬರುತ್ತೀಯಾ ಅಂತಲೂ ಕೇಳುತ್ತೀಯ. ಅವನನ್ನು ಅಲ್ಲಿ ಬಿಟ್ಟು ಹೇಗೆ ಬರಲಿ.

ಒಂದು ಸಂಗತಿ ಮಾತ್ರ ನನ್ನನ್ನು ತಿನ್ನುತ್ತಿದೆ. ಇಷ್ಟು ದಿನ ಹೊರಗಿನಿಂದ ಬರೆದು ಕೇಳುವವಳು ಒಬ್ಬಳಾದರೂ ಇದ್ದಳು. ಸೋಮವಾರದಿಂದ ಅವಳೂ ಇರುವುದಿಲ್ಲ. ಅವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು. ಇದು ನಾವು ಮಾಡಿದ್ದಲ್ಲ, ತಾನಾಗಿ ಒದಗಿತು ಅನ್ನುತ್ತಾರೆ. ಆ ಮಟ್ಟಿಗೆ ನಿಜವೇ.

ಸೇರುವವರು ಸಹಿ ಮಾಡುವ ಒಂದು ಕಾಗದವಿದೆ. ಒಂದೇ ವಾಕ್ಯ: 'ನನಗೆ ಒದಗುವುದನ್ನು ಒದಗಿಸುವವರು ಯಾರೂ ಇಲ್ಲವೆಂದು ಅರಿತಿದ್ದೇನೆ.' ಕತ್ತರಿಸುವ ಮೇಜಿನ ಮೇಲೆ, ಒಂದು ತುಂಡು ಗಾಜಿನಡಿ ಇಟ್ಟಿದ್ದೇನೆ, ಗಾಳಿಗೆ ಹಾರದ ಹಾಗೆ. ಇನ್ನೂ ಸಹಿ ಹಾಕಿಲ್ಲ. ಬಾಗಿಲಲ್ಲೇ ಹಾಕಬೇಕಂತೆ.

ನನಗೆ ಬರೆಯಬೇಡ. ಬರೆದರೆ ಅದನ್ನು ಮೊದಲು ಇನ್ಯಾರೋ ಓದುತ್ತಾರೆ.

ದೊಡ್ಡವಳು


ಅಕ್ಟೋಬರ್ ೧೭
ಅಂಗಡಿ

ತಮ್ಮನಿಗೆ,
ಓದಿ ಹೇಳುವ ಜೊತೆಗಾರರಿಗೂ,

ನಾನು ಬಹಳ ದಿನ ಕೋಪದಿಂದ ಬರೆದೆ. ಆ ಕಾಗದಗಳು ನೀರಿಗೆ ಹೋಗಿವೆ, ಒಳ್ಳೆಯದೇ ಆಯಿತು. ಈಗ ಕೇಳುವುದು ಏನೂ ಉಳಿದಿಲ್ಲ. ಸೋಮವಾರ ವಾಸಕ್ಕೆ ಬರುತ್ತಿದ್ದೇನೆ. ಬೆಳಗಿನ ಸರದಿ ನನ್ನದು. ಸಂಜೆಯದೂ ಸಿಕ್ಕರೆ ಬೇರೇನೂ ಕೇಳುವುದಿಲ್ಲ.

ಚಳಿ ಶುರುವಾಗಿದೆ, ಕೋಟು ಹಾಕಿಕೊಂಡು ಬರುತ್ತೇನೆ. ನೀನು ಅಂಗಳದ ಕುರ್ಚಿಯಲ್ಲೇ ಕೂತಿರು, ಎದ್ದು ಹುಡುಕಬೇಡ. ಜೂನ್‌ನಲ್ಲಿ ನಿಂತ ಹಾಗೆ ಈ ಸಲ ನಾನು ಪಕ್ಕದಲ್ಲಿ ನಿಲ್ಲುವುದಿಲ್ಲ. ನೇರವಾಗಿ ಎದುರಿಗೆ ಬಂದು, ನೀನು ಸಾಕು ಅನ್ನುವ ತನಕ ಅಲ್ಲೇ ನಿಲ್ಲುತ್ತೇನೆ.

ಅಕ್ಕ